ಹಸಿರು ಚುಕ್ಕೆಯ ಹಿಂದಿನ ಇಲಿ

ಮದುವೆಯೂಟದ ಪಲ್ಯದಲ್ಲಿ ಆಲೂಗಡ್ಡೆ ಕಂಡರೆ ನಮ್ಮ ಸಮಾಜದಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ಆದರೆ ಹೊಟ್ಟೆಯ ಆರೋಗ್ಯಕ್ಕೆಂದು ಅದೇ ಮನೆಗಳಿಗೆ ಬರುವ ನಾರಿನ ಪುಡಿಯ ಡಬ್ಬಿಯನ್ನು ಯಾರೂ ತಿರುಗಿಸಿ ಓದುವುದಿಲ್ಲ. ಹಸಿರು ಚುಕ್ಕೆಯೊಂದಿದ್ದರೆ ವ್ರತ ಉಳಿಯಿತೆಂದು ನಂಬುತ್ತೇವೆ.

ಇಂಥ ಪುಡಿಗಳಲ್ಲಿ ಹೆಚ್ಚಾಗಿ ಬಳಸುವ ಇನುಲಿನ್ ಎಂಬ ನಾರನ್ನು ಮುಖ್ಯವಾಗಿ ಚಿಕೋರಿಯ ಬೇರಿನಿಂದ ತೆಗೆಯುತ್ತಾರೆ. ಕಾಫಿಪುಡಿಗೆ ಬೆರೆಸುವುದೂ ಅದೇ ಬೇರು. ಕಂದಮೂಲ ತ್ಯಜಿಸಿದವರಿಗೆ ಇದು ಮೊದಲ ಪ್ರಶ್ನೆ. ಇದಕ್ಕಿಂತ ಗುರುತರವಾದುದು ಇನ್ನೊಂದಿದೆ. ಇನುಲಿನ್‌ನ ಗುಣದೋಷಗಳ ತಿಳಿವಳಿಕೆಯ ಗಣನೀಯ ಭಾಗ ಪ್ರಯೋಗಶಾಲೆಯ ಇಲಿಗಳಿಂದ ಬಂದದ್ದು.

ಆ ತಿಳಿವಳಿಕೆಯಾದರೂ ಏಕಮುಖವಲ್ಲ. ಕೊಬ್ಬಿನ ಆಹಾರ ತಿಂದ ಇಲಿಗಳನ್ನು ಇನುಲಿನ್ ಬೊಜ್ಜಿನಿಂದ ಕಾಪಾಡಿದ್ದುಂಟು. ಆದರೆ 2018ರಲ್ಲಿ ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು ‘ಸೆಲ್’ ನಿಯತಕಾಲಿಕದಲ್ಲಿ ವರದಿ ಮಾಡಿದಂತೆ, ರೋಗನಿರೋಧಕ ವ್ಯವಸ್ಥೆಯಲ್ಲಿ ಕೊರತೆಯಿದ್ದ ಇಲಿಗಳ ಪೈಕಿ ಕೆಲವಕ್ಕೆ ಇನುಲಿನ್ ಬೆರೆಸಿದ ಆಹಾರದಿಂದ ಯಕೃತ್ತಿನ ಕ್ಯಾನ್ಸರ್ ಬಂದಿತು. ಇಲಿಯ ಫಲಿತಾಂಶ ಮನುಷ್ಯನಿಗೆ ನೇರವಾಗಿ ಅನ್ವಯಿಸದು; ಭೀತಿ ಬೇಡ. ಆದರೆ ಬೇರ್ಪಡಿಸಿದ ನಾರು ಸರ್ವರಿಗೂ ಹಿತವೆಂಬ ಜಾಹೀರಾತಿನ ಮಾತನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

ಇಂಥ ಪ್ರಯೋಗಗಳ ಕೊನೆಗೆ ಸಾಮಾನ್ಯವಾಗಿ ಇಲಿಗಳನ್ನು ಕೊಂದು ಅಂಗಾಂಶ ಪರೀಕ್ಷಿಸುತ್ತಾರೆ. ಆಲೂಗಡ್ಡೆಯ ಏಕೇಂದ್ರಿಯ ಜೀವಗಳಿಗಾಗಿ ಮರುಗುವ ನಾವು ಪಂಚೇಂದ್ರಿಯ ಜೀವಿಯ ಬಗ್ಗೆ ಮೌನವಾಗಿರುವುದು ಯಾವ ಅಹಿಂಸೆ? ಕೃತ, ಕಾರಿತ, ಅನುಮೋದನ ಎಂಬ ಮೂರೂ ಬಗೆಯ ಹಿಂಸೆಯನ್ನು ಬಲ್ಲವರು ನಾವು. ಕೇಳದೆ ಕೊಳ್ಳುವುದೂ ಅನುಮೋದನೆಯೇ.

ಜೀವ ಉಳಿಸುವ ಔಷಧದ ಮಾತು ಬೇರೆ ಎನ್ನುವವರಿದ್ದಾರೆ. ಆ ವಾದಕ್ಕೆ ತೂಕವಿದೆ. ಆದರೆ ರಾಗಿ, ಹೆಸರುಕಾಳು, ಹೀರೇಕಾಯಿಗಳೇ ನಾರು ಕೊಡುತ್ತಿರುವಾಗ ಪುಡಿಗೆ ಆ ವಿನಾಯಿತಿ ಸಲ್ಲದು.

ಹಸಿರು ಚುಕ್ಕೆಯಿಂದ ತಿಳಿಯುವುದು ಪದಾರ್ಥ ಸಸ್ಯಾಹಾರ ಎಂಬುದಷ್ಟೇ. 2022ರ ವೀಗನ್ ಆಹಾರ ನಿಯಮಗಳಾದರೋ ಪ್ರಾಣಿಪರೀಕ್ಷೆಯನ್ನೂ ಗಣನೆಗೆ ತೆಗೆದುಕೊಂಡಿವೆ. ವೀಗನ್ನರಿಗೆ ಸಂದ ಈ ಮಾಹಿತಿ ಶ್ರಾವಕರಿಗೇಕೆ ಸಲ್ಲಬಾರದು? ನಾರಿನ ಮೂಲ ಯಾವುದು, ಪ್ರಾಣಿಗಳ ಮೇಲೆ ಪರೀಕ್ಷಿಸಲಾಗಿದೆಯೇ ಎಂಬೆರಡು ಸಂಗತಿಗಳನ್ನು ಪ್ರತಿ ಡಬ್ಬಿಯ ಮೇಲೂ ಮುದ್ರಿಸಬೇಕೆಂದು ನಮ್ಮ ಸಂಘಗಳು ಆಹಾರ ಸುರಕ್ಷತಾ ಪ್ರಾಧಿಕಾರವನ್ನು ಒತ್ತಾಯಿಸಬೇಕು. ಮುಂದಿನ ಪರ್ಯೂಷಣದೊಳಗೆ ಅಂಥದೊಂದು ಮನವಿ ಸಿದ್ಧವಾದರೆ, ಆಲೂಗಡ್ಡೆಯ ಚರ್ಚೆಗೂ ಒಂದು ಅರ್ಥ ಬಂದೀತು.