ಯಂಕಂಚಿಯ ಮದುವೆಯನ್ನು ಒಟ್ಟಾವಾಕ್ಕೆ ಸಾಬೀತು ಮಾಡೋದು ಹೇಗೆ?

‘ನೀವಿಬ್ಬರೂ ಮೊದಲ ಸಲ ಎಲ್ಲಿ, ಯಾವಾಗ ಭೇಟಿಯಾದಿರಿ?’

ಕೆನಡಾದಲ್ಲಿರುವ ಗಂಡ ಊರಲ್ಲಿರುವ ಹೆಂಡತಿಯನ್ನು ಕರೆಸಿಕೊಳ್ಳಲು ಹಾಕುವ ಸ್ಪಾನ್ಸರ್‌ಶಿಪ್ ಅರ್ಜಿಯಲ್ಲಿ ಇಂಥದ್ದೊಂದು ಪ್ರಶ್ನೆ ಬರುತ್ತೆ. ಕಾಲೇಜಿನಲ್ಲೋ ಆಫೀಸಿನಲ್ಲೋ ಪರಿಚಯವಾಗಿ ಮದುವೆಯಾದವರಿಗೆ ಇದು ಎರಡು ನಿಮಿಷದ ಕೆಲಸ. ಆದರೆ ಸಿಂದಗಿ ತಾಲ್ಲೂಕಿನ ಯಂಕಂಚಿಯಂಥ ಊರಿನಲ್ಲಿ ಅತ್ತೆಯ ಮಗನನ್ನೇ ಮದುವೆಯಾದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಅವಳು ಏನಂತ ಬರೀಬೇಕು? ಅವಳ ತೊಟ್ಟಿಲ ಕಾರ್ಯಕ್ಕೆ ಅವ್ವನ ಕೈಹಿಡಿದು ಬಂದಿದ್ದ ಐದು ವರ್ಷದ ಹುಡುಗನೇ ಇವತ್ತು ಅವಳ ಗಂಡ. ‘ಮೊದಲ ಭೇಟಿ’ ಅನ್ನೋದೇ ಆ ಸಂಬಂಧದಲ್ಲಿ ಇಲ್ಲ.

ಕರ್ನಾಟಕದಲ್ಲಿ ಇದು ಅಪರೂಪದ ಕಥೆಯೂ ಅಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಮದುವೆಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ರಕ್ತಸಂಬಂಧದಲ್ಲೇ ಆಗುತ್ತವೆ. ದೇಶದಲ್ಲಿ ತಮಿಳುನಾಡು ಮತ್ತು ನಾವು ಈ ವಿಷಯದಲ್ಲಿ ಮುಂದಿದ್ದೇವೆ.

ವಲಸೆ ಅಂದ ಕೂಡಲೇ ನಾವು ಎಚ್‌1ಬಿ, ಟ್ರಂಪ್, ಐಟಿ ಕಂಪನಿ ಅಂತ ಮಾತಾಡುತ್ತೇವೆ. ಆ ವೀಸಾ ಸಿಕ್ಕ ಹುಡುಗನ ಹೆಂಡತಿ ಊರಲ್ಲಿ ಕೂತು ತುಂಬಿಸಬೇಕಾದ ಫೈಲಿನ ಬಗ್ಗೆ ಮಾತಿಲ್ಲ. ಆ ಫೈಲು ತೂಗುವುದು ಗಂಡ ಹೆಂಡತಿಯ ಪ್ರೀತಿಯನ್ನಲ್ಲ. ನಮ್ಮ ಸರ್ಕಾರ ಈ ಹೆಣ್ಣುಮಗಳ ಬದುಕನ್ನು ಎಷ್ಟರ ಮಟ್ಟಿಗೆ ಬರೆದಿಟ್ಟಿದೆ ಅನ್ನೋದನ್ನ ಅದು ತೂಗುತ್ತೆ. ಅಲ್ಲಿ ಸೋಲು ನಮ್ಮದು, ದಂಡ ಅವಳಿಗೆ.

‘ನಿಜವಾದ’ ಮದುವೆ ಅಂದರೆ ಯಾವುದು?

ಕೆನಡಾದ ನಿಯಮ ಎರಡು ವಿಷಯ ನೋಡುತ್ತೆ: ಸಂಬಂಧ ನಿಜವಾದದ್ದೇ? ಅಥವಾ ವಲಸೆಯ ಲಾಭಕ್ಕಾಗಿಯೇ ಮಾಡಿಕೊಂಡದ್ದೇ? 2010ರ ತಿದ್ದುಪಡಿಯ ನಂತರ ಇವೆರಡರಲ್ಲಿ ಒಂದರಲ್ಲಿ ಅನುಮಾನ ಬಂದರೂ ಅರ್ಜಿ ಬಿದ್ದುಹೋಗಬಹುದು. ಬ್ರಿಟನ್ ಕೂಡ ಸಂಬಂಧ ನಿಜವಾದದ್ದಾಗಿರಬೇಕು, ಈಗಲೂ ನಡೆಯುತ್ತಿರಬೇಕು ಅನ್ನುತ್ತೆ. ಜತೆಗೆ ದುಡ್ಡಿನ ಲೆಕ್ಕ ಬೇರೆ. 2024ರ ಏಪ್ರಿಲ್‌ನಲ್ಲಿ ಅಲ್ಲಿ ಸಂಗಾತಿಯನ್ನು ಕರೆಸುವವರ ಕನಿಷ್ಠ ವಾರ್ಷಿಕ ಆದಾಯದ ಮಿತಿ 18,600 ಪೌಂಡ್‌ನಿಂದ ಒಂದೇ ಏಟಿಗೆ 29,000 ಪೌಂಡ್‌ಗೆ ಏರಿತು. ನಮ್ಮ ಲೆಕ್ಕದಲ್ಲಿ 30 ಲಕ್ಷ ರೂಪಾಯಿ ದಾಟುತ್ತೆ. ಹೆಂಡತಿ ಇಂಗ್ಲಿಷ್ ಪರೀಕ್ಷೆಯನ್ನೂ ಪಾಸಾಗಬೇಕು. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತವಳಿಗೆ ಗಂಡನ ಹತ್ತಿರ ಹೋಗಲು ಇದೊಂದು ಹೊಸ ಬಾಗಿಲು, ಬೀಗ ಹಾಕಿದ ಬಾಗಿಲು.

ಪುರಾವೆಯಾಗಿ ಬೇಕಾದದ್ದೇನು? ಜೊತೆಗಿರುವ ಫೋಟೊ, ಚಾಟ್, ಕಾಲ್ ದಾಖಲೆ, ಜಂಟಿ ಬ್ಯಾಂಕ್ ಖಾತೆ, ಕಳಿಸಿದ ಹಣದ ರಸೀದಿ, ಒಟ್ಟಿಗೆ ಮಾಡಿದ ಪ್ರವಾಸದ ಟಿಕೆಟ್. ಇವೆಲ್ಲ ನಗರದ, ಪರಸ್ಪರ ಒಪ್ಪಿ ಓಡಾಡಿದ ಜೋಡಿಯ ಕುರುಹುಗಳು. ಹಿರಿಯರು ಕನ್ಯೆ ನೋಡಿ, ಮಾತು ಮುಗಿಸಿ, ತಿಂಗಳೊಳಗೆ ಅಕ್ಕಿಕಾಳು ಹಾಕಿಸಿದ ಮದುವೆಯಲ್ಲಿ ಇವು ಹುಟ್ಟೋದೇ ಇಲ್ಲ. ಫೋನು ಮಾಡಿದರೂ ಅದು ಮಾವನ ಮೊಬೈಲಿಗೆ. ಹಣ ಕಳಿಸಿದರೂ ಅತ್ತೆಯ ಖಾತೆಗೆ. ಅಧಿಕಾರಿಯ ಕಣ್ಣಿಗೆ ಹೆಂಡತಿ ಎಲ್ಲೂ ಕಾಣೋದಿಲ್ಲ.

ಈ ಅನುಮಾನಕ್ಕೆ ಹಳೆಯ ಬೇರುಗಳಿವೆ. 1979ರಲ್ಲಿ ಲಂಡನ್‌ನ ಹೀಥ್ರೂ ವಿಮಾನ ನಿಲ್ದಾಣದಲ್ಲಿ, ಮದುವೆಯಾಗಲು ಬಂದಿದ್ದ ಭಾರತೀಯ ಶಿಕ್ಷಕಿಯೊಬ್ಬರನ್ನು ಕನ್ಯತ್ವ ಪರೀಕ್ಷೆಗೆ ಒಳಪಡಿಸಿದ್ದು ಬಯಲಾಗಿ ದೊಡ್ಡ ಗಲಾಟೆಯಾಯಿತು. ಮದುವೆಯ ಮುಖ್ಯ ಉದ್ದೇಶ ವಲಸೆ ಅಲ್ಲ ಅಂತ ದಂಪತಿಯೇ ಸಾಬೀತು ಮಾಡಬೇಕೆಂಬ ನಿಯಮ ಬ್ರಿಟನ್ನಿನಲ್ಲಿ 1997ರವರೆಗೂ ಇತ್ತು. ದಕ್ಷಿಣ ಏಷ್ಯಾದ ಹಿರಿಯರು ನೋಡಿ ಮಾಡಿದ ಮದುವೆಗಳೇ ಅದಕ್ಕೆ ಹೆಚ್ಚು ಬಲಿಯಾದವು. ಅಮೆರಿಕದ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ ಇನ್ನೂ ಖಡಕ್ಕಾಗಿ ಹೇಳಿತು: ವಿದೇಶಿ ಸಂಗಾತಿಯನ್ನು ದೇಶದೊಳಗೆ ಕರೆಸಿಕೊಳ್ಳುವುದು ಅಮೆರಿಕದ ನಾಗರಿಕರ ಮೂಲಭೂತ ಹಕ್ಕಲ್ಲ.

ಆ ದೇಶಗಳ ನಿಯಮಗಳನ್ನು ಟೀಕಿಸಬೇಕು, ಸರಿ. ಆದರೆ ನಾವು ಇಲ್ಲಿ ಓಟು ಹಾಕುವುದು ಒಟ್ಟಾವಾದ ಸರ್ಕಾರಕ್ಕಲ್ಲ. ಇಲ್ಲಿ ಸರಿಮಾಡಬಹುದಾದದ್ದೇ ಸಾಕಷ್ಟಿದೆ.

ಮದುವೆ ಇದೆ, ಕಾಗದವಿಲ್ಲ

ಕರ್ನಾಟಕದಲ್ಲಿ ಮದುವೆ ನೋಂದಣಿಗೆಂದೇ 1976ರ ಕಾಯ್ದೆ ಇದೆ. ಎಲ್ಲ ಧರ್ಮದವರ ಮದುವೆಯೂ ಕಡ್ಡಾಯವಾಗಿ ನೋಂದಣಿಯಾಗಬೇಕು ಅಂತ ಸುಪ್ರೀಂ ಕೋರ್ಟ್ 2006ರ ಫೆಬ್ರುವರಿ 14ರಂದು ಹೇಳಿತು. ಹಿಂದೂ ವಿವಾಹ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ನೋಂದಣಿ ಮಾಡಿಸದಿದ್ದರೂ ಮದುವೆಯ ಸಿಂಧುತ್ವಕ್ಕೆ ಧಕ್ಕೆ ಇಲ್ಲ. ಹಾಗಾಗಿ ಹಳ್ಳಿಯಲ್ಲಿ ಯಾರಿಗೂ ಅದರ ಅವಸರ ಬರೋದಿಲ್ಲ. ಆಸ್ತಿ ವ್ಯಾಜ್ಯ ಬಂದಾಗ, ಪಿಂಚಣಿ ಕೇಳುವಾಗ, ವೀಸಾಕ್ಕೆ ಓಡುವಾಗ ಮಾತ್ರ ‘ಸರ್ಟಿಫಿಕೇಟ್ ಎಲ್ಲೈತಿ?’ ಅನ್ನೋ ಪ್ರಶ್ನೆ.

2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಾವೇರಿ 2.0 ತಂತ್ರಾಂಶದ ಮೂಲಕ ಹಿಂದೂ ಮದುವೆಗಳ ಆನ್‌ಲೈನ್ ನೋಂದಣಿ ಶುರುಮಾಡಿತು. ಒಳ್ಳೆಯ ಹೆಜ್ಜೆ. ಆದರೆ ಎಂಜಿನಿಯರಿಂಗ್ ಓದಿದವರಿಗೆ ಗೊತ್ತಿರೋ ಒಂದು ಸತ್ಯ ಇದೆ: ಒಳಗೆ ಹಾಕಿದ ಡೇಟಾ ಸರಿಯಿಲ್ಲದಿದ್ದರೆ ಎಂಥ ಸಾಫ್ಟ್‌ವೇರ್ ಬಂದರೂ ಹೊರಗೆ ಬರೋದು ಕಸವೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಮದುವೆಯ ಕಾರ್ಡಿನಲ್ಲಿ ಅತ್ತೆಮನೆಯವರು ಇಟ್ಟ ಮೂರನೇ ಹೆಸರು. ತಂದೆಯ ಹೆಸರು ಕಡೆಗೋ ನಡುವೆಯೋ? ಅಡ್ಡಹೆಸರು ತವರಿನದೋ ಗಂಡನ ಮನೆಯದೋ? ಊರಲ್ಲಿ ಯಾರೂ ಇದನ್ನು ದೋಷ ಅಂತ ಕಂಡಿಲ್ಲ. ವಿದೇಶಿ ಫೈಲಿನಲ್ಲಿ ಮಾತ್ರ ಅವಳು ಮೂರು ಬೇರೆ ಬೇರೆ ಹೆಂಗಸರು. ಆಮೇಲೆ ಅಫಿಡವಿಟ್, ನೋಟರಿ, ಏಜೆಂಟನ ಫೀಸು.

ಮನೆಯಲ್ಲೇ ಹೆರಿಗೆಯಾದ ಕಾಲದವಳಾಗಿದ್ದರೆ ಜನನ ಪ್ರಮಾಣಪತ್ರವೂ ಇರೋದಿಲ್ಲ. ಒಂದು ವರ್ಷ ದಾಟಿದ ಜನನ ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ಪರೀಕ್ಷೆ, ಬೆರಳಚ್ಚು ಅಂತ ಒಂದೊಂದಕ್ಕೂ ಒಂದೊಂದು ಊರು. ವಿಜಯಪುರ ಜಿಲ್ಲೆಯವಳಿಗೆ ಬೆಂಗಳೂರು ಅಂದರೆ ಒಂದು ರಾತ್ರಿಯ ಬಸ್ಸು, ಜೊತೆಗೊಬ್ಬ ಗಂಡಸು, ಇಬ್ಬರ ಕೂಲಿ ನಷ್ಟ.

ಮುಸ್ಲಿಂ ದಂಪತಿಗಳ ಕಥೆ ಇನ್ನೂ ಅತಂತ್ರ. ಮುಸ್ಲಿಮರಿಗೆ ವಿವಾಹ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ರಾಜ್ಯ ಸರ್ಕಾರ 2023ರ ಆಗಸ್ಟ್ ಆದೇಶದಲ್ಲಿ ಜಿಲ್ಲಾ ವಕ್ಫ್ ಅಧಿಕಾರಿಗಳಿಗೆ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ವಕ್ಫ್ ಮಂಡಳಿಗೆ ಆ ಅಧಿಕಾರ ಇದೆಯೋ ಇಲ್ಲವೋ ಅನ್ನೋ ಕಾನೂನಿನ ಪ್ರಶ್ನೆ ಬೇರೆ. ನಿಕಾಹ್‌ನಾಮೆ ಹಿಡಿದು ವೀಸಾಕ್ಕೆ ಹೊರಟವರು ಯಾವ ಬಾಗಿಲು ತಟ್ಟಬೇಕು ಅನ್ನೋದಕ್ಕೆ ಸ್ಪಷ್ಟ ಉತ್ತರ ಕೊಡಬೇಕಾದದ್ದು ಸರ್ಕಾರ. ಇನ್ನೊಂದು ಎಚ್ಚರಿಕೆಯೂ ಇಲ್ಲೇ ಹೇಳಬೇಕು. ಇಬ್ಬರೂ ಖುದ್ದಾಗಿ ಹಾಜರಿಲ್ಲದೆ ಫೋನಿನಲ್ಲೋ ವಿಡಿಯೋ ಕಾಲ್‌ನಲ್ಲೋ ಆದ ಮದುವೆಯನ್ನು ಕೆನಡಾ 2015ರಿಂದ ವಲಸೆಗೆ ಒಪ್ಪುತ್ತಿಲ್ಲ. ಇದು ಎಲ್ಲ ಧರ್ಮದವರಿಗೂ ಅನ್ವಯ.

ಎಲ್ಲಕ್ಕಿಂತ ಕಹಿ ವಿಷಯ ವಯಸ್ಸಿನದು. ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಅನ್ನುತ್ತೆ ಅದೇ ಕುಟುಂಬ ಆರೋಗ್ಯ ಸಮೀಕ್ಷೆ. ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಇಂಥ ಮದುವೆ ಆರಂಭದಿಂದಲೇ ಅಸಿಂಧು. ಹಿರಿಯರು ಇದಕ್ಕೆ ಕಂಡುಕೊಳ್ಳುವ ಉಪಾಯ ಗೊತ್ತೇ ಇದೆ: 18 ತುಂಬಿದ ಮೇಲಿನ ಒಂದು ತಾರೀಖು ಬರೆಸಿ ನೋಂದಣಿ ಮಾಡಿಸೋದು. ಊರಲ್ಲಿ ಅದು ನಡೆದುಹೋಗುತ್ತೆ. ಆದರೆ ಸ್ಪಾನ್ಸರ್‌ಶಿಪ್ ಫೈಲಿನಲ್ಲಿ ಕಾರ್ಡಿನ ತಾರೀಖು ಒಂದು, ಸರ್ಟಿಫಿಕೇಟಿನದು ಇನ್ನೊಂದು ಆದರೆ ಅದು ಸುಳ್ಳು ಮಾಹಿತಿ. ಕೆನಡಾದಲ್ಲಿ ಅದಕ್ಕೆ 5 ವರ್ಷ ಪ್ರವೇಶ ನಿಷೇಧ. ಹದಿನೇಳಕ್ಕೆ ಮದುವೆ ಮಾಡಿದವರು ಕಟ್ಟೆಯ ಮೇಲೆ ಆರಾಮ ಕೂತಿರುತ್ತಾರೆ, ನಿಷೇಧ ಅವಳ ಹೆಸರಿಗೆ.

ಕಾಗದ ಇದೆ, ಮದುವೆ ಇಲ್ಲ

ಇದರ ತದ್ವಿರುದ್ಧ ಚಿತ್ರ ನಗರಗಳದ್ದು. ಅಲ್ಲಿ ವೀಸಾ ಬೇಗ ಆಗಲಿ ಅಂತ ಮೊದಲು ಸರ್ಟಿಫಿಕೇಟ್, ಆಮೇಲೆ ಮುಹೂರ್ತ. 2024ರ ಏಪ್ರಿಲ್ 19ರಂದು ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಗಳಾದ ನಮ್ಮವರೇ ಆದ ಬಿ.ವಿ. ನಾಗರತ್ನ ಮತ್ತು ಆಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠ ಇಬ್ಬರು ಪೈಲಟ್‌ಗಳ ಪ್ರಕರಣದಲ್ಲಿ ಮಹತ್ವದ ತೀರ್ಪು ಕೊಟ್ಟಿತು. ಶಾಸ್ತ್ರ ಸಂಪ್ರದಾಯದ ವಿಧಿ ನಡೆಯದೆ ಬರೀ ನೋಂದಣಿ ಮಾಡಿಸಿದರೆ ಹಿಂದೂ ವಿವಾಹ ಕಾಯ್ದೆಯಡಿ ಅದು ಮದುವೆಯೇ ಅಲ್ಲ, ಆ ಪ್ರಮಾಣಪತ್ರಕ್ಕೆ ಬೆಲೆ ಇಲ್ಲ. ವಿದೇಶಕ್ಕೆ ವೀಸಾ ಹಾಕುವಾಗ ಸಮಯ ಉಳಿಸಲು ಮನೆಯವರೇ ಮುಂದೆ ನಿಂತು ಹೀಗೆ ನೋಂದಣಿ ಮಾಡಿಸುವ ರೂಢಿಯನ್ನು ಕೋರ್ಟ್ ಆ ತೀರ್ಪಿನಲ್ಲಿ ಹೆಸರಿಸಿಯೇ ಖಂಡಿಸಿತು.

ಮುಹೂರ್ತ ಬರುವ ಮೊದಲು ಸಂಬಂಧ ಮುರಿದರೆ ಆ ಹುಡುಗಿ ವಿವಾಹಿತೆಯೋ ಅವಿವಾಹಿತೆಯೋ? ವಿಚ್ಛೇದನ ಕೇಳಬೇಕೋ, ಮದುವೆಯೇ ಆಗಿಲ್ಲ ಅನ್ನಬೇಕೋ? ವೀಸಾ ಅರ್ಜಿಯಲ್ಲಿ ಈಗಾಗಲೇ ‘ವಿವಾಹಿತೆ’ ಅಂತ ಬರೆದಾಗಿದೆ. ಅವಸರ ಇದ್ದವರಿಗೆ ಕಾನೂನಿನಲ್ಲಿ ದಾರಿ ಇದೆ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದರೆ ಶಾಸ್ತ್ರ ಬೇಕಿಲ್ಲ. 30 ದಿನದ ನೋಟಿಸ್ ಬೇಕು ಅಷ್ಟೇ.

ಇನ್ನೊಂದು ಗೋಜಲು ಸೋದರ ಸಂಬಂಧದ್ದು. ಅಕ್ಕನ ಮಗಳನ್ನು ಮದುವೆಯಾಗುವುದು ಹಿಂದೂ ವಿವಾಹ ಕಾಯ್ದೆಯ ಪಟ್ಟಿಯಲ್ಲಿ ನಿಷಿದ್ಧ. ಆದರೆ ರೂಢಿ ಇದ್ದರೆ ಅದೇ ಕಾಯ್ದೆ ಒಪ್ಪುತ್ತೆ. ಕೆನಡಾದ 1990ರ ಕಾಯ್ದೆ ನೇರ ವಂಶ ಮತ್ತು ಒಡಹುಟ್ಟಿದವರ ನಡುವಿನ ಮದುವೆಯನ್ನಷ್ಟೇ ತಡೆಯುತ್ತೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ಮಾವನ ಮಗಳ ಜೊತೆಗಿನ ಮದುವೆಯನ್ನೂ ಹಲವು ರಾಜ್ಯಗಳು ಒಪ್ಪೋದಿಲ್ಲ. ಒಂದೇ ಮದುವೆ ಒಂದು ದೇಶದಲ್ಲಿ ಸಲೀಸು, ಇನ್ನೊಂದರಲ್ಲಿ ತಕರಾರು. ಇದು ತಾಳಿ ಕಟ್ಟುವ ಮೊದಲೇ ವಿಚಾರಿಸಬೇಕಾದ ಸಂಗತಿ.

ಅಲ್ಲಿಗೆ ಹೋದ ಮೇಲೆ?

ಸ್ಪಾನ್ಸರ್‌ಶಿಪ್ ಅನ್ನೋ ಪದದಲ್ಲೇ ಒಬ್ಬರು ಹಿಡಿದು ನಿಲ್ಲಿಸುವವರು, ಇನ್ನೊಬ್ಬರು ನಿಂತವರು. ಅರ್ಜಿ ಹಾಕಿದವನು ಗಂಡ. ತೀರ್ಮಾನ ಆಗುವವರೆಗೆ ಅದನ್ನು ವಾಪಸ್ ತೆಗೆದುಕೊಳ್ಳುವ ಅಧಿಕಾರ ಅವನದೇ. ‘ಹೇಳಿದಂಗ ಕೇಳ್ಲಿಲ್ಲಂದ್ರ ಊರಿಗೆ ಕಳಿಸ್ತೀನಿ’ ಅನ್ನೋ ಬೆದರಿಕೆಗೆ ಜೀವ ಬರೋದು ಇಲ್ಲಿಂದ.

ಈ ಬೆದರಿಕೆ ಎಲ್ಲ ಕಡೆ ನಿಜವಲ್ಲ ಅನ್ನೋದನ್ನ ಹೊರಡುವ ಮೊದಲೇ ಅವಳಿಗೆ ಹೇಳುವವರು ಬೇಕು. ಕೆನಡಾದಲ್ಲಿ ಸಂಗಾತಿಗೆ ಖಾಯಂ ವಾಸದ ಹಕ್ಕು ಸಿಕ್ಕ ಮೇಲೆ ಸಂಬಂಧ ಮುರಿಯಿತು ಅನ್ನೋ ಒಂದೇ ಕಾರಣಕ್ಕೆ ಅದು ಹೋಗೋದಿಲ್ಲ. ಎರಡು ವರ್ಷ ಜೊತೆಗಿರಲೇಬೇಕು ಅನ್ನೋ ಷರತ್ತನ್ನು ಅಲ್ಲಿ 2017ರಲ್ಲೇ ತೆಗೆದರು. ಅವಳ ಖರ್ಚಿಗೆ ಮೂರು ವರ್ಷ ಗಂಡ ಹೊಣೆ, ಸಂಸಾರ ಮುರಿದರೂ ಹೊಣೆ. ಅಮೆರಿಕದಲ್ಲಿ ಮದುವೆಯಾಗಿ ಎರಡು ವರ್ಷ ತುಂಬುವ ಮೊದಲು ಹೋದರೆ ಷರತ್ತಿನ ಗ್ರೀನ್ ಕಾರ್ಡ್. ಆದರೆ ದೌರ್ಜನ್ಯ ಅನುಭವಿಸಿದವಳು ಗಂಡನ ಸಹಿ ಇಲ್ಲದೆಯೂ ಷರತ್ತು ತೆಗೆಸಿಕೊಳ್ಳಲು ಅರ್ಜಿ ಹಾಕಬಹುದು.

ನಮ್ಮ ಕಡೆಯ ಕಾನೂನು ಎಲ್ಲಿದೆ? ಅನಿವಾಸಿ ಭಾರತೀಯರ ಮದುವೆಗಳ ಕಡ್ಡಾಯ ನೋಂದಣಿ ಮಸೂದೆ 2019ರ ಫೆಬ್ರುವರಿಯಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಗಿ ಸ್ಥಾಯಿ ಸಮಿತಿಗೆ ಹೋಯಿತು. 2024ರ ಫೆಬ್ರುವರಿಯಲ್ಲಿ ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ ಸಮಗ್ರ ಕಾನೂನು ಬೇಕು, ಮದುವೆಯ ನೋಂದಣಿ ಸಂಖ್ಯೆ ಇಬ್ಬರ ಪಾಸ್‌ಪೋರ್ಟಿನಲ್ಲೂ ಇರಬೇಕು ಅಂದಿತು. ಗಂಡ ಬಿಟ್ಟುಹೋದ ಮೇಲೆ ಅವನನ್ನು ಪತ್ತೆ ಹಚ್ಚಲಾದರೂ ಅದು ಉಪಯೋಗಕ್ಕೆ ಬರುತ್ತೆ. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಎನ್‌ಆರ್‌ಐ ಸೆಲ್ ಇದೆ. ಯಂಕಂಚಿಯ ಎಷ್ಟು ಮನೆಗಳಿಗೆ ಅದರ ಹೆಸರು ಗೊತ್ತಿದ್ದೀತು?

ಕೇಳಬೇಕಾದದ್ದು ಇಷ್ಟು

ಹುಟ್ಟು, ಸಾವು ಬರೆದುಕೊಳ್ಳುವ ವ್ಯವಸ್ಥೆ ಹಳ್ಳಿಯ ಮಟ್ಟದಲ್ಲಿದೆ. ಮದುವೆಯನ್ನೂ ಅಲ್ಲೇ, ಆದ ವಾರದಲ್ಲೇ ಬರೆದುಕೊಳ್ಳಲಿ. ಮಠಗಳಲ್ಲಿ, ಜಾತ್ರೆಗಳಲ್ಲಿ ನಡೆಯುವ ಸಾಮೂಹಿಕ ಮದುವೆಯ ಪೆಂಡಾಲಿಗೇ ನೋಂದಣಿ ಅಧಿಕಾರಿ ಬರಲಿ. ಶಾಸಕರು, ಮಂತ್ರಿಗಳು ಹೇಗೂ ಅಕ್ಕಿಕಾಳು ಹಾಕಲು ಬರುತ್ತಾರೆ, ಜೊತೆಗೊಂದು ಲ್ಯಾಪ್‌ಟಾಪ್ ಬಂದರೆ ಭಾರವೇನಲ್ಲ. ನೋಂದಣಿಗೆ ಬಂದಾಗ ವಯಸ್ಸಿನ ಪರಿಶೀಲನೆಯೂ ಆಗುವುದರಿಂದ ಬಾಲ್ಯವಿವಾಹಕ್ಕೂ ಅಲ್ಲೇ ತಡೆ. ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟುಗಳ ಹೆಸರಿನ ವ್ಯತ್ಯಾಸ ಸರಿಪಡಿಸಲು ತಾಲ್ಲೂಕಿಗೊಂದು ಕಿಟಕಿ ಸಾಕು. ಮುಸ್ಲಿಂ ದಂಪತಿಗಳಿಗೆ ಯಾವ ಕಚೇರಿ ಅನ್ನೋದನ್ನ ಸರ್ಕಾರ ಬರಹದಲ್ಲಿ ಹೇಳಲಿ.

ಇನ್ನು ನಿಮ್ಮ ಮನೆಯಲ್ಲೇ ಆಗಬೇಕಾದ ಕೆಲಸ. ಅಕ್ಕನಿಗೋ ತಂಗಿಗೋ ವಿದೇಶದ ಸಂಬಂಧ ಬಂದಿದ್ದರೆ ವರನ ಸಂಬಳ ಕೇಳುವ ಮೊದಲು ಅವನ ವೀಸಾ ಯಾವುದು ಅಂತ ಕೇಳಿ. ಅವಳ ಹೆಸರಲ್ಲೊಂದು ಬ್ಯಾಂಕ್ ಖಾತೆ, ಅವಳ ಕೈಯಲ್ಲೊಂದು ಫೋನು, ಅವಳ ಹೆಸರಿನ ಪಾಸ್‌ಪೋರ್ಟ್ ನಿಶ್ಚಯಕ್ಕೆ ಮೊದಲೇ ಆಗಲಿ. ಅರ್ಜಿಯ ಎಲ್ಲ ಹಾಳೆಗಳ ಒಂದು ಪ್ರತಿ, ಲಾಗಿನ್ ಮತ್ತು ಪಾಸ್‌ವರ್ಡ್ ಅವಳ ಹತ್ತಿರವೂ ಇರಲಿ. ಏಜೆಂಟ್ ಬರೆದುಕೊಟ್ಟ ‘ನಮ್ಮ ಪ್ರೇಮಕಥೆ’ಗೆ ಓದದೆ ಸಹಿ ಹಾಕಬೇಡಿ. ಹಿರಿಯರು ನೋಡಿ ಮಾಡಿದ ಮದುವೆಯಾದರೆ ಹಾಗೆಯೇ ಬರೆಯಿರಿ, ಸೋದರ ಸಂಬಂಧವಾದರೆ ಅದನ್ನೂ ಬರೆಯಿರಿ. ಕಾನೂನು ಕೇಳುವುದು ಸಿನಿಮಾ ಕಥೆಯನ್ನಲ್ಲ, ಒಂದಕ್ಕೊಂದು ಹೊಂದುವ ವಿವರಗಳನ್ನು.

ಆ ಫೈಲಿನಲ್ಲಿ ಗಂಡನ ಸಂಬಳದ ಚೀಟಿ, ಬಾಡಿಗೆ ಕರಾರು, ತೆರಿಗೆ ದಾಖಲೆ ಎಲ್ಲ ಅಚ್ಚುಕಟ್ಟಾಗಿ ಇರುತ್ತವೆ. ಖಾಲಿ ಇರೋದು ಅವಳ ಪುಟಗಳು. ಅವನ್ನು ತುಂಬಿಸುವ ಕೆಲಸ ವೀಸಾ ಕಚೇರಿಯ ಸರದಿಯಲ್ಲಿ ಶುರುವಾದರೆ ತಡವಾಯಿತು ಅಂತಲೇ ಅರ್ಥ. ಅದು ಶುರುವಾಗಬೇಕಾದದ್ದು ಅವಳು ಹುಟ್ಟಿದ ದಿನ, ಅವಳ ಊರಿನಲ್ಲಿ.