ಸಂಶೋಧನೆಯ ಬಾಗಿಲಲ್ಲಿ ಕನ್ನಡದ ಮಕ್ಕಳು

ಕೆಲವು ದಿನಗಳ ಹಿಂದೆ ಪ್ರಾಥಮಿಕ ಶಾಲೆಯ ಮಾಸ್ತರರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಹುಡುಗಿಯು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಕಲಿತು, ಮುಂದೆ ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಪದವಿಯನ್ನು ಪ್ರಥಮ ವರ್ಗದಲ್ಲಿ ಪಡೆದವಳು. ಅನ್ವಯಿಕ ಭೌತಶಾಸ್ತ್ರದಲ್ಲಿ ಸಂಶೋಧನೆ ನಡೆಸಬೇಕೆಂಬುದು ಅವಳ ಹಂಬಲ. ಅದಕ್ಕೆ ಬೇಕಾದ ಅರ್ಹತಾ ಪರೀಕ್ಷೆಗೆ ಎರಡು ಸಲ ಕುಳಿತು, ಎರಡು ಸಲವೂ ಸ್ವಲ್ಪದರಲ್ಲಿಯೇ ಹಿಂದೆ ಬಿದ್ದಳು. “ವಕೀಲರೇ, ಈಕೆ ಮತ್ತೊಂದು ವರ್ಷ ಪ್ರಯತ್ನಿಸಲೋ, ಸುಮ್ಮನೆ ಬಿ.ಎಡ್. ಮಾಡಿಕೊಳ್ಳಲೋ?” ಎಂದು ಮಾಸ್ತರರು ಕೇಳಿದರು. ಹುಡುಗಿಯು ಮೆಲ್ಲಗೆ ಹೇಳಿದಳು: “ಲೆಕ್ಕ ಬಾರದೆ ಸೋತದ್ದಲ್ಲ ಸರ್, ಪ್ರಶ್ನೆಯನ್ನು ಎರಡೆರಡು ಸಲ ಓದಿ ತಿಳಿದುಕೊಳ್ಳುವಷ್ಟರಲ್ಲಿ ಹೊತ್ತು ಮೀರಿತು.”

ಆ ಒಂದು ಮಾತು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಅದಕ್ಕಾಗಿಯೇ ಈ ಲೇಖನ.

ಅನ್ವಯಿಕ ಭೌತಶಾಸ್ತ್ರವೆಂದರೇನು? ನಿಸರ್ಗದ ನಿಯಮವನ್ನು ಕಂಡುಹಿಡಿಯುವುದು ಒಂದು ಕೆಲಸವಾದರೆ, ಆ ನಿಯಮವನ್ನು ಮನುಷ್ಯನ ಕೈಗೆ ಉಪಕರಣವನ್ನಾಗಿ ಕೊಡುವುದು ಮತ್ತೊಂದು. ೧೯೨೮ರಲ್ಲಿ ಸರ್ ಸಿ. ವಿ. ರಾಮನ್ನರು ಕಲಕತ್ತೆಯಲ್ಲಿ ಬೆಳಕಿನ ಒಂದು ಗುಣವನ್ನು ಕಂಡರು. ವಸ್ತುವಿನ ಅಣುಗಳಿಗೆ ತಾಗಿ ಚದುರಿದ ಬೆಳಕಿನಲ್ಲಿ ಅಲ್ಪಭಾಗವು ತನ್ನ ಬಣ್ಣವನ್ನು ಬದಲಿಸಿಕೊಳ್ಳುವುದು. ಆ ಬದಲಾವಣೆಯು ಪ್ರತಿ ವಸ್ತುವಿಗೂ ಬೇರೆ ಬೇರೆ. ೧೯೩೦ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು. ಮುಂದೆ ಲೇಸರ್ ದೀಪವೂ ಸೂಕ್ಷ್ಮವಾದ ಬೆಳಕಿನ ಮಾಪಕಗಳೂ ಬಂದ ಮೇಲೆ, ಅದೇ ಗುಣವನ್ನು ಹಿಡಿದು ಔಷಧಿ ಶುದ್ಧವೋ ಕಲಬೆರಕೆಯೋ, ರತ್ನವು ನಿಜವೋ ಕೃತಕವೋ ಎಂದು ಪರೀಕ್ಷಿಸುವ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರಗಳು ಬಂದಿವೆ. ಮೊದಲನೆಯದು ಶುದ್ಧ ಭೌತಶಾಸ್ತ್ರದ ಫಲ. ಎರಡನೆಯದು ಅನ್ವಯಿಕ ಭೌತಶಾಸ್ತ್ರದ ಫಲ.

ಈ ವಿದ್ಯೆಗೆ ಕನ್ನಡನಾಡು ಪರಸ್ಥಳವೇನೂ ಅಲ್ಲ. ೧೯೦೨ರಲ್ಲಿಯೇ ಶಿವನಸಮುದ್ರದ ನೀರಿನಿಂದ ಹುಟ್ಟಿದ ವಿದ್ಯುತ್ತು ಕೋಲಾರದ ಗಣಿಗಳಿಗೆ ಹರಿಯಿತು. ಜಮಶೇಟಜಿ ಟಾಟಾ ಅವರು ಕಂಡ ಕನಸಿಗೆ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ನೂರಾರು ಎಕರೆ ನೆಲವನ್ನು ಧಾರೆಯೆರೆದು ಕೊಟ್ಟಿತು. ೧೯೦೯ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಸ್ಥಾಪಿತವಾಯಿತು. ೧೯೧೧ರಲ್ಲಿ ಅಲ್ಲಿ ಪಾಠವು ಆರಂಭವಾದಾಗ ತೆರೆದ ವಿಭಾಗಗಳಲ್ಲಿ ವಿದ್ಯುತ್ ತಂತ್ರವಿದ್ಯೆಯೂ ಒಂದು. ೧೯೩೩ರಲ್ಲಿ ರಾಮನ್ನರು ಅದರ ನಿರ್ದೇಶಕರಾಗಿ ಬಂದು ಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು. ಇಂದು ಅಲ್ಲಿ ಉಪಕರಣವಿಜ್ಞಾನ ಮತ್ತು ಅನ್ವಯಿಕ ಭೌತಶಾಸ್ತ್ರಕ್ಕೆಂದೇ ಬೇರೊಂದು ವಿಭಾಗವುಂಟು. ನೆಲವು ನಮ್ಮದು, ನೀರು ನಮ್ಮದು. ಆದರೆ ನಮ್ಮ ಹಳ್ಳಿಯ ಕೂಸಿಗೆ ಆ ಬಾಗಿಲು ಎಷ್ಟು ತೆರೆದಿದೆ? ಇದೇ ನಮ್ಮ ಪ್ರಶ್ನೆ.

ಸಂಶೋಧನ ವಿದ್ಯಾರ್ಥಿಯಾಗಬೇಕಾದರೆ ನೆಟ್, ಗೇಟ್ ಮೊದಲಾದ ಪರೀಕ್ಷೆಗಳಲ್ಲಿ ಒಂದನ್ನು ದಾಟಿ, ಬಳಿಕ ಸಂದರ್ಶನವನ್ನು ಎದುರಿಸಬೇಕು. ವಿದ್ಯಾರ್ಥಿವೇತನವು ಅಲ್ಪವಲ್ಲ: ೨೦೨೩ರ ಜನವರಿಯಿಂದ ಕಿರಿಯ ಸಂಶೋಧಕರಿಗೆ ತಿಂಗಳಿಗೆ ೩೭,೦೦೦ ರೂಪಾಯಿ ಗೊತ್ತಾಗಿದೆ. ಬಡ ಮಾಸ್ತರರ ಮಗಳೂ ತಂದೆಗೆ ಭಾರವಾಗದೆ ಡಾಕ್ಟರೇಟ್ ಪದವಿಯವರೆಗೆ ನಡೆಯಬಲ್ಲಳು. ಹೀಗಿರಲು, ವಿಜ್ಞಾನ ವಿಷಯಗಳ ನೆಟ್ ಪರೀಕ್ಷೆಯ ಪ್ರಶ್ನೆಗಳು ಯಾವ ಭಾಷೆಯಲ್ಲಿ ಬರುತ್ತವೆ? ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಕನ್ನಡದಲ್ಲಿಲ್ಲ.

“ಎಂ.ಎಸ್‌ಸಿ.ಯನ್ನು ಇಂಗ್ಲಿಷಿನಲ್ಲಿ ಓದಿದವರಿಗೆ ಕನ್ನಡದ ಪ್ರಶ್ನೆಪತ್ರವೇಕೆ?” ಎಂದು ಕೆಲವರು ಕೇಳಬಹುದು. ಅವರಿಗೆ ನಮ್ಮ ಮರುಪ್ರಶ್ನೆ ಇಷ್ಟೇ: ಎಂ.ಎಸ್‌ಸಿ.ಯನ್ನು ಇಂಗ್ಲಿಷಿನಲ್ಲಿಯೇ ಓದಿದ ಹಿಂದೀ ಭಾಷಿಕನಿಗೆ ಹಿಂದಿಯ ಪ್ರಶ್ನೆಪತ್ರವೇಕೆ? ಮೂರು ಗಂಟೆಗಳ ಅವಸರದಲ್ಲಿ ಮಾತೃಭಾಷೆಯು ನೆರವಾಗುವುದೆಂದು ಒಬ್ಬನ ವಿಷಯದಲ್ಲಿ ಒಪ್ಪಿದವರು ಮತ್ತೊಬ್ಬನ ವಿಷಯದಲ್ಲಿ ಹೇಗೆ ಅಲ್ಲಗಳೆಯುವರು? ಒಂದೇ ನ್ಯಾಯಾಸನದ ಮುಂದೆ ಇಬ್ಬರು ಕಕ್ಷಿದಾರರಿಗೆ ಎರಡು ತೂಕದ ಕಲ್ಲುಗಳು ಸಲ್ಲವು.

ಇದು ಅಸಾಧ್ಯವೆಂದೂ ಹೇಳುವಂತಿಲ್ಲ. ಎಂಜಿನಿಯರಿಂಗ್ ಪ್ರವೇಶದ ಜೆಇಇ ಮುಖ್ಯ ಪರೀಕ್ಷೆಯು ೨೦೨೧ರಿಂದ ಕನ್ನಡವೂ ಸೇರಿ ೧೩ ಭಾಷೆಗಳಲ್ಲಿ ನಡೆಯುತ್ತಿದೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೂ ಕನ್ನಡವುಂಟು. ಆ ಎರಡನ್ನೂ ನಡೆಸುವ ಸಂಸ್ಥೆಯೇ ನೆಟ್ ಪರೀಕ್ಷೆಯನ್ನೂ ನಡೆಸುತ್ತದೆ. ಕೆಳಗಿನ ಮೆಟ್ಟಿಲಿನಲ್ಲಿ ಕನ್ನಡಕ್ಕೆ ಇರುವ ಸ್ಥಾನವು ಮೇಲಿನ ಮೆಟ್ಟಿಲಿನಲ್ಲಿ ಇಲ್ಲದಿರುವುದಕ್ಕೆ ಅಲಕ್ಷ್ಯದ ಹೊರತು ಬೇರೆ ಕಾರಣವು ನಮಗೆ ಕಾಣದು.

ಇಂಗ್ಲಿಷನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ಜಗತ್ತಿನ ಸಂಶೋಧನ ಪತ್ರಿಕೆಗಳು ಬಹುತೇಕ ಆ ಭಾಷೆಯಲ್ಲಿವೆ. ಸಂಶೋಧಕನು ಅದನ್ನು ಕಲಿಯಲೇಬೇಕು. ಆದರೆ ಭೌತಶಾಸ್ತ್ರದ ಪರೀಕ್ಷೆಯು ಭೌತಶಾಸ್ತ್ರವನ್ನು ಪರೀಕ್ಷಿಸಲಿ, ಓದಿನ ವೇಗವನ್ನಲ್ಲ.

ದೋಷವನ್ನೆಲ್ಲ ದಿಲ್ಲಿಯ ಮೇಲೆ ಹೊರಿಸಿ ನಾವು ಕೈ ತೊಳೆದುಕೊಳ್ಳುವುದೂ ಸರಿಯಲ್ಲ. ೧೯೧೮ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ, “ವಿಜ್ಞಾನ” ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಪಂಪಭಾರತವನ್ನು ಸಂಪಾದಿಸಿದ ಆ ಪಂಡಿತರು ಕಾಲೇಜಿನಲ್ಲಿ ಕಲಿಸುತ್ತಿದ್ದುದು ಭೌತಶಾಸ್ತ್ರವನ್ನು! ಕನ್ನಡದಲ್ಲಿ ಶಬ್ದಗಳಿಲ್ಲವೆಂದು ಅವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಪತ್ರಿಕೆಯು ಬಹುಕಾಲ ಬಾಳಲಿಲ್ಲವೆಂಬುದು ಅವರ ಸೋಲಲ್ಲ, ಓದುಗರಾದ ನಮ್ಮ ಸೋಲು. ೧೯೫೬ರಲ್ಲಿ ನಾಡು ಒಂದಾಯಿತು. ನಾಡಿನ ವಿದ್ಯೆಯು ಮಾತ್ರ ಇನ್ನೂ ನಾಡಿನ ಭಾಷೆಯೊಡನೆ ಒಂದಾಗಿಲ್ಲ.

ಆದುದರಿಂದ ನಾವು ಮೂರು ಬೇಡಿಕೆಗಳನ್ನು ಮುಂದಿಡುತ್ತೇವೆ. ಮೊದಲನೆಯದು, ನೆಟ್ ಪ್ರಶ್ನೆಪತ್ರವು ಇಂಗ್ಲಿಷಿನ ಜೊತೆಗೆ ಕನ್ನಡದಲ್ಲಿಯೂ ಬರಲಿ. ನಮ್ಮ ಲೋಕಸಭಾ ಸದಸ್ಯರು ಇದನ್ನು ಸಭೆಯಲ್ಲಿ ಎತ್ತಲಿ. ಎರಡನೆಯದು, ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಒಪ್ಪಿತವಾಗುವ ಪ್ರತಿ ವಿಜ್ಞಾನ ಪ್ರಬಂಧಕ್ಕೂ ಹತ್ತು ಪುಟಗಳ ಕನ್ನಡ ಸಾರಾಂಶವು ಕಡ್ಡಾಯವಾಗಲಿ. ಶಬ್ದಗಳು ಸಮಿತಿಗಳಲ್ಲಿ ಹುಟ್ಟವು, ಬಳಕೆಯಲ್ಲಿ ಹುಟ್ಟುತ್ತವೆ. ಮೂರನೆಯದು, ಬೆಂಗಳೂರಿನ ಪ್ರಯೋಗಶಾಲೆಗಳು ಪ್ರತಿ ಬೇಸಿಗೆಯಲ್ಲಿ ಜಿಲ್ಲಾ ಕಾಲೇಜುಗಳ ವಿದ್ಯಾರ್ಥಿಗಳನ್ನು ಕರೆಸಿಕೊಂಡು ಉಪಕರಣಗಳನ್ನು ಅವರ ಕೈಯಿಂದಲೇ ಬಿಚ್ಚಿ ಜೋಡಿಸಿಸಲಿ. ಪುಸ್ತಕದಲ್ಲಿ ಚಿತ್ರವನ್ನಷ್ಟೇ ಕಂಡವನು ಉಪಕರಣವನ್ನು ಕಟ್ಟಲಾರನು.

ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿಶೇಷ ವಿನಂತಿ. ಇಂಥ ದಾರಿಯೊಂದಿದೆ, ಅದಕ್ಕೆ ವಿದ್ಯಾರ್ಥಿವೇತನವಿದೆ ಎಂಬ ಸುದ್ದಿಯೇ ಎಷ್ಟೋ ಊರುಗಳನ್ನು ಮುಟ್ಟಿಲ್ಲ. ನಿಮ್ಮ ಶಾಲೆಯ ಗೋಡೆಯ ಮೇಲೆ ಒಂದು ಹಾಳೆಯಲ್ಲಿ ಅದನ್ನು ಕನ್ನಡದಲ್ಲಿ ಬರೆದು ಹಚ್ಚಿರಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಆ ಹುಡುಗಿಗೆ ನಾವೇನು ಹೇಳಿದೆವು? ಕಾಯಿದೆಯಲ್ಲಿ ಇಂದು ದಾರಿಯಿಲ್ಲವೆಂದು ನಿಜವನ್ನೇ ಹೇಳಿದೆವು. ಮೂರನೆಯ ಸಲ ಕುಳಿತುಕೊಳ್ಳೆಂದೂ ಹೇಳಿದೆವು. ಅವಳು ಗೆದ್ದರೆ ಅದು ಅವಳ ಗೆಲವು. ಭಾಷೆಯ ಕಾರಣದಿಂದಲೇ ಮತ್ತೆ ಸೋತರೆ, ಆ ಸೋಲು ಅವಳದಲ್ಲ, ನಮ್ಮೆಲ್ಲರದು.