ಮಾರುವ ವಸ್ತುವೂ ಶ್ರಾವಕನ ವ್ರತವೂ

ಮಳೆ ಹಿಡಿದು ಘಟಪ್ರಭೆ ತುಂಬಿತೆಂದರೆ ಗೋಕಾಕ ಫಾಲ್ಸ್‌ನ ಬೀದಿಗಳಿಗೆ ಜೀವ ಬರುತ್ತದೆ. ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ನೀರನ್ನು ಕಾಣಲು ದೂರದೂರದ ಜನ ಬರುತ್ತಾರೆ. ನೂಲಿನ ಗಿರಣಿಯ ಸಂಬಳವನ್ನೇ ನೆಚ್ಚಿ ಬೆಳೆದ ಊರಿದು. ಒಂದೇ ದುಡಿಮೆಯಲ್ಲಿ ಮಕ್ಕಳ ಶಾಲೆ, ಹಿರಿಯರ ಔಷಧ, ಮನೆ ಬಾಡಿಗೆ ಎಲ್ಲವೂ ಸಾಗದಾದಾಗ ಗೃಹಿಣಿಯರು ಏನನ್ನಾದರೂ ಮಾರಿ ನಾಲ್ಕು ಕಾಸು ಗಳಿಸೋಣವೆಂದು ಯೋಚಿಸುವುದು ಸಹಜವೇ ಆಗಿದೆ. ಯಾವುದು ಹೆಚ್ಚು ಖರ್ಚಾಗುತ್ತದೆ ಎಂಬ ಪ್ರಶ್ನೆ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಶ್ರಾವಕನಿಗೆ ಅದಕ್ಕಿಂತ ಮೊದಲಿನದೊಂದು ಪ್ರಶ್ನೆ ಇದೆ.

ವ್ಯಾಪಾರವನ್ನು ಜೈನಧರ್ಮ ಹೀನವೆಂದು ಕಂಡಿಲ್ಲ. ಆದಿತೀರ್ಥಂಕರ ವೃಷಭನಾಥನು ಪ್ರಜೆಗಳಿಗೆ ಬೋಧಿಸಿದ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಜೀವನೋಪಾಯಗಳಲ್ಲಿ ವಾಣಿಜ್ಯವೂ ಒಂದು. ಒಲೆ ಹಚ್ಚಿದರೆ ಆರಂಭಿ ಹಿಂಸೆ, ಉದ್ಯೋಗ ಮಾಡಿದರೆ ಉದ್ಯೋಗಿ ಹಿಂಸೆ ತಪ್ಪಿದ್ದಲ್ಲ. ಅಣುವ್ರತಿಯಾದ ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಪೂರ್ಣವಾಗಿ ಬಿಟ್ಟು, ಉಳಿದುದನ್ನು ಎಚ್ಚರದಿಂದ ಕುಗ್ಗಿಸುತ್ತ ಬದುಕಬೇಕು. ಮುನಿಯ ಅಳತೆಗೋಲಿನಿಂದ ಅಂಗಡಿಯವನನ್ನು ಅಳೆದು ಹೆದರಿಸುವವರು ಧರ್ಮಕ್ಕೆ ಉಪಕಾರ ಮಾಡುವುದಿಲ್ಲ.

ಆದರೆ ಶಾಸ್ತ್ರವು ಕರ್ಮದ ಆಸ್ರವವನ್ನು ಹೇಳುವಾಗ ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಹಿಡಿದಿದೆ. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದವರನ್ನು ಒಪ್ಪಿದ್ದು. ಬೀದಿಯ ಕಿರಾಣಿ ಅಂಗಡಿಯಲ್ಲಿ ಬಂಡವಾಳ ಕಡಿಮೆಯಿದ್ದು ನಿತ್ಯ ಖರ್ಚಾಗುವ ಸರಕೆಂದರೆ ತಂಬಾಕಿನ ಪೊಟ್ಟಣ. ‘ನಾವೇನು ತಿನ್ನುತ್ತೇವೆಯೇ? ಬೇಡುವವರಿಗೆ ಕೊಡುತ್ತೇವೆ, ಅಷ್ಟೇ’ ಎಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಕಾರಿತವೆಂಬ ಪದ ನಿಲ್ಲಿಸಿ ಕೇಳುವುದು ಇಂಥ ಮಾತನ್ನೇ. ನೆರೆಹೊರೆಯ ವ್ಯಾಪಾರದಲ್ಲಿ ಗಿರಾಕಿ ಅಪರಿಚಿತನಲ್ಲ. ಪೊಟ್ಟಣ ಕೊಳ್ಳುವವನ ತಾಯಿ ನಾಳೆ ಬಸದಿಯ ಕಟ್ಟೆಯ ಮೇಲೆ ಪಕ್ಕದಲ್ಲೇ ಕುಳಿತಿರುತ್ತಾಳೆ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷಿದ್ಧವಾಗಿದೆ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದು ಕೇಂದ್ರದ 2003ರ ಕಾಯ್ದೆ ವಿಧಿಸಿತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ವ್ರತದ ಅತಿಚಾರಗಳ ನಡುವೆ ರಾಜ್ಯದ ಕಟ್ಟಳೆ ಮೀರುವುದೂ ಸೇರಿದೆಯೆಂಬುದನ್ನು ಅನೇಕರು ಮರೆತಿದ್ದಾರೆ.

ಇನ್ನು ಜಲಪಾತದ ಬಳಿ ಬಂಡಿ ಹಚ್ಚುವ ವಿಚಾರ. ಅಲ್ಲಿ ಬಿಸಿ ಉಳ್ಳಾಗಡ್ಡಿ ಭಜಿಗೆ ಇರುವ ಬೇಡಿಕೆ ಬೇರೆ ಯಾವುದಕ್ಕೂ ಇಲ್ಲ. ಕಂದಮೂಲ ತ್ಯಜಿಸಿದ ಮನೆಯವರು ಅದನ್ನು ಮಾರಬಹುದೇ? ಈ ಬಗ್ಗೆ ಶ್ರಾವಕರಲ್ಲಿ ಎರಡು ಮಾತಿವೆ. ತನ್ನ ತಟ್ಟೆಯಿಂದ ತೆಗೆದುಹಾಕಿದ್ದನ್ನು ಪರರ ತಟ್ಟೆಗೆ ಲಾಭಕ್ಕಾಗಿ ಬಡಿಸುವಾಗ ಕೈ ಒಂದು ಕ್ಷಣ ಅಳುಕಿದರೆ, ಆ ಅಳುಕಿಗೆ ಬೆಲೆ ಕೊಡುವುದೇ ಲೇಸು. ಮೆಣಸಿನಕಾಯಿ ಭಜಿಯೂ ಮಿರ್ಚಿ ಮಂಡಕ್ಕಿಯೂ ಇದ್ದೇ ಇವೆ. ಆದರೂ ಇನ್ನೊಂದು ತೊಡಕುಂಟು: ಜಲಪಾತದ ಸುಗ್ಗಿಯೂ ಚಾತುರ್ಮಾಸವೂ ಒಂದೇ ಕಾಲಕ್ಕೆ ಬರುತ್ತವೆ. ತೇವದ ಗಾಳಿಯಲ್ಲಿ ಸೂಕ್ಷ್ಮಜೀವಿಗಳು ಹೆಚ್ಚುವ, ದೀಪಕ್ಕೆ ಹುಳು ಮುತ್ತುವ ದಿನಗಳಲ್ಲೇ ಎಣ್ಣೆಯ ಬಾಣಲೆ ಕತ್ತಲಾದ ಮೇಲೂ ಕುದಿಯುತ್ತಿರುತ್ತದೆ.

ಗೋಕಾಕದ ಹೆಸರನ್ನು ನಾಡಿಗೆ ಹರಡಿದ ಕರದಂಟನ್ನೇ ನೋಡಬಹುದು. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಬಾದಾಮಿ. ಕೆಲವರು ಅಂಜೂರವನ್ನೂ ಬೆರೆಸುತ್ತಾರೆ. ಅದು ಶ್ರಾವಕರು ವರ್ಜಿಸುವ ಉದುಂಬರ ಫಲಗಳ ಜಾತಿಯದು. ಅದನ್ನು ಬಿಟ್ಟರೂ ಕರದಂಟಿನ ಸವಿ ಕೆಡದು. ಆದರೆ ಬಂಡವಾಳ ದೊಡ್ಡದು, ಹೆಸರಾಂತ ಅಂಗಡಿಗಳೆದುರು ಮನೆಯ ಒಲೆ ಎಷ್ಟರದು!

ಇವೆಲ್ಲವುಗಳಿಗಿಂತ ಅಂದಂದಿನ ಜೋಳದ ರೊಟ್ಟಿ ಮೇಲು. ನಮ್ಮ ಹಿರಿಯರು ಹಿಟ್ಟಿಗೂ ಮರ್ಯಾದೆ ಹಾಕಿದ್ದರು: ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7. ಓಣಿಯ ಹತ್ತು ಮನೆಗಳವರು ಹಿಂದಿನ ದಿನವೇ ಎಣಿಕೆ ಹೇಳಿದರೆ ಅಷ್ಟೇ ಹಿಟ್ಟು ಬೀಸಿಸಬಹುದು, ಸೂರ್ಯಾಸ್ತದೊಳಗೆ ಬುಟ್ಟಿ ಬರಿದಾಗಬಹುದು. ಹಳಸುವುದಿಲ್ಲ, ಉಳಿಯುವುದಿಲ್ಲ. ಜೊತೆಗೆ ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ, ಅಗಸಿ ಚಟ್ನಿ. ವ್ರತವಿರುವವರ ಮನೆಗಳಲ್ಲಿ ಇಂಥದ್ದಕ್ಕೆ ಹುಡುಕಾಟವೇ ನಡೆದಿರುತ್ತದೆ. ಲಾಭ ಭಜಿಯಷ್ಟು ಬಾರದು, ನಿಜ. ಅದನ್ನು ಮುಚ್ಚಿಟ್ಟು ಮಾತನಾಡುವುದು ಸರಿಯಲ್ಲ.

ಯಾವುದನ್ನೇ ಆರಿಸಲಿ, ಆಮೇಲೆ ತಕ್ಕಡಿಯ ಪ್ರಶ್ನೆ ಬರುತ್ತದೆ. ಹೀನಾಧಿಕ ಮಾನೋನ್ಮಾನವೆಂದರೆ ಕೊಳ್ಳುವಾಗ ಒಂದು ತೂಕ, ಕೊಡುವಾಗ ಇನ್ನೊಂದು. ಪ್ರತಿರೂಪಕ ವ್ಯವಹಾರವೆಂದರೆ ಶೇಂಗಾದ ಹೆಸರಿನಲ್ಲಿ ಪುಟಾಣಿ ಹಿಟ್ಟು ಬೆರೆಸಿದಂತೆ. ಎರಡನ್ನೂ ಸೂತ್ರಕಾರರು ಕಳವಿನ ಸಾಲಿನಲ್ಲೇ ಇಟ್ಟಿದ್ದಾರೆ.

ಕೊನೆಗೆ ಉಳಿಯುವುದು ‘ಹೆಚ್ಚುವರಿ’ ಎಂಬ ಪದ. ಎಷ್ಟಕ್ಕೆ ಹೆಚ್ಚು? ಪರಿಗ್ರಹ ಪರಿಮಾಣ ವ್ರತವು ಗಳಿಕೆಗೆ ಮೊದಲೇ ಗೆರೆ ಎಳೆಯಲು ಹೇಳುತ್ತದೆ. ಮಗಳ ಶುಲ್ಕಕ್ಕೆ, ಅತ್ತೆಯ ಮಾತ್ರೆಗೆ ತಿಂಗಳಿಗೆ ಇಷ್ಟು ಎಂದು ಬರೆದಿಡದ ಮನೆಯಲ್ಲಿ ಹತ್ತು ಮನೆಗಳ ರೊಟ್ಟಿ ನಲವತ್ತು ಮನೆಗಳದಾಗಿ, ಸಾಮಾಯಿಕದ ಹೊತ್ತನ್ನೂ ಒಲೆಯೇ ನುಂಗುತ್ತದೆ. ಆಷಾಢದ ಅಷ್ಟಾಹ್ನಿಕ ಪರ್ವದಲ್ಲಿ ಬಸದಿಗೆ ಹೋದಾಗ, ಮಾರುವ ವಸ್ತುಗಳಿಷ್ಟು, ಗಳಿಕೆಯ ಮಿತಿಯಿಷ್ಟು ಎಂದು ದೀಪಾವಳಿಯವರೆಗಿನ ನಿಯಮ ತೆಗೆದುಕೊಳ್ಳಬಹುದು. ಅಷ್ಟರಲ್ಲಿ ಘಟಪ್ರಭೆಯ ಅಬ್ಬರವೂ ಇಳಿದಿರುತ್ತದೆ. ಭಗವಾನ್ ಮಹಾವೀರರ ನಿರ್ವಾಣದ ಲಾಡು ಅರ್ಪಿಸಿ ಬಂದ ಮೇಲೆ ಲೆಕ್ಕದ ಪುಸ್ತಕ ತೆರೆದು ಕೂರಲು ಬಿಡುವು ಇರುತ್ತದೆ.